ಹಳದಿಸೊಂಟದ ಸಾಕ್ಷಿ

ಆ ಮನೆಯ ದೊಡ್ಡ ಸೊಸೆ ಒಂಬತ್ತು ವರ್ಷದ ಹಿಂದೆ ಒಂದು ಹಕ್ಕಿ ಕಂಡಿದ್ದಳು. ಕಂಡದ್ದು ಮೂರು ಸೆಕೆಂಡು, ಅದರ ಬಗ್ಗೆ ಮಾತಾಡಿದ್ದು ಒಂಬತ್ತು ವರ್ಷ ಎಂದು ಮನೆಯವರು ಅವಳ ಕಾಲೆಳೆಯುತ್ತಿದ್ದರು. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

ಹಕ್ಕಿ ಹೆಬ್ಬೆರಳಿಗಿಂತ ಒಂದಿಷ್ಟು ಉದ್ದ, ಉಲಿಯಕ್ಕಿಗಳ ಜಾತಿಯದು. ಉಲಿಯಕ್ಕಿಗಳನ್ನು ನೋಡಿದವರಿಗೆ ಏನೂ ಹೇಳಬೇಕಾಗಿಲ್ಲ, ನೋಡದವರಿಗೆ ಹೇಳಿದರೂ ಪ್ರಯೋಜನವಿಲ್ಲ. ಕಾಡಿನ ಮರದ ನೆತ್ತಿಯಲ್ಲಿ ಎಲೆಬಣ್ಣದ ಮೈ ಹೊತ್ತು, ಹುಳ ಹೆಕ್ಕುತ್ತಾ, ರೆಕ್ಕೆ ಅದುರಿಸುತ್ತಾ, ಒಂದು ಕ್ಷಣ ಕೂತಲ್ಲಿ ಕೂರದೆ ಜಿಗಿಯುತ್ತಲೇ ಇರುತ್ತವೆ. ದುರ್ಬೀನು ಏರಿಸಿ ಕಣ್ಣಿಗೆ ಹೊಂದಿಸುವಷ್ಟರಲ್ಲಿ ಅಲ್ಲಿ ಅಲುಗಾಡುವ ಎಲೆಯೊಂದೇ ಉಳಿದಿರುತ್ತದೆ. ಎಲ್ಲವೂ ಹಸಿರು, ಎಲ್ಲವೂ ಒಂದೇ ಗಾತ್ರ, ಎಲ್ಲಕ್ಕೂ ಕಣ್ಣಿನ ಮೇಲೊಂದು ತಿಳಿ ಹುಬ್ಬು. ಪಳಗಿದ ವೀಕ್ಷಕರೇ ಬೇಸತ್ತು 'ಯಾವುದೋ ಉಲಿಯಕ್ಕಿ' ಎಂದು ಬರೆದುಕೊಂಡು ಕತ್ತು ನೀವಿಕೊಳ್ಳುತ್ತಾರೆ.

ದೊಡ್ಡ ಸೊಸೆ ಹಾಗೆ ಬರೆದುಕೊಳ್ಳುವ ಪೈಕಿ ಅಲ್ಲ. ಅವಳ ಕೆಲಸವೇ ಅಂಥದ್ದು. ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ದಿನವಿಡೀ ಸೂಕ್ಷ್ಮದರ್ಶಕದ ಮುಂದೆ ಕೂತು, ಗಾಜಿನ ಪಟ್ಟಿಯ ಮೇಲಿನ ಕಣಗಳನ್ನು ಗುರುತಿಸಿ, ಎಣಿಸಿ, ಬರೆದು, ಸಹಿ ಹಾಕಬೇಕು. ಕಂಡದ್ದನ್ನು ಬರೆಯಬೇಕು, ಕಾಣದ್ದನ್ನು ಬರೆಯಬಾರದು. ಇಪ್ಪತ್ತು ವರ್ಷದಲ್ಲಿ ಅವಳು ಈ ನೇಮ ಒಂದು ಸಲವೂ ಮುರಿದವಳಲ್ಲ. ಅವಳ ಸಹಿ ಇದ್ದ ಚೀಟಿಯನ್ನು ಡಾಕ್ಟರುಗಳು ಎರಡನೇ ಸಲ ನೋಡುತ್ತಿರಲಿಲ್ಲ.

ಅಂಥವಳು ಒಂಬತ್ತು ವರ್ಷದ ಹಿಂದೆ, ಎಲೆ ಹಣ್ಣಾಗುವ ತಿಂಗಳಲ್ಲಿ, ಕಾಡಿನ ಹೊಳೆ ತಿರುಗುವ ಕಡೆ ನಿಂತಿದ್ದಳು. ಒಂದೇ ಬುಡದಿಂದ ಮೂರು ಕಾಂಡ ಎದ್ದು ನೀರಿನ ಮೇಲೆ ಬಾಗಿದ ಮರ ಅದು. ಹಕ್ಕಿ ಒಂದು ಎಲೆಯ ಕೆಳಗೆ ಗಾಳಿಯಲ್ಲೇ ರೆಕ್ಕೆ ಬಡಿಯುತ್ತ ನಿಂತಿತು, ಬೆನ್ನು ತಿರುಗಿಸಿತು. ಸೊಂಟದ ಮೇಲೆ ನಿಂಬೆಹಣ್ಣಿನ ಬಣ್ಣದ ಪಟ್ಟೆ. ನೆತ್ತಿಯ ನಟ್ಟನಡುವೆ ಬೈತಲೆ ತೆಗೆದ ಹಾಗೆ ಒಂದು ತಿಳಿ ಗೆರೆ. ಅಷ್ಟು ಕಂಡದ್ದೇ ತಡ, ಹಕ್ಕಿ ಮಾಯ. ಆ ಕಾಡಿನಲ್ಲಿ ಹಳದಿಸೊಂಟದ ಉಲಿಯಕ್ಕಿಯನ್ನು ಅದಕ್ಕೆ ಮುಂಚೆ ಯಾರೂ ಕಂಡ ದಾಖಲೆ ಇರಲಿಲ್ಲ.

ಅವಳು ಕುಣಿದಾಡಿಕೊಂಡು ಹಕ್ಕಿ ವೀಕ್ಷಕರ ಸಂಘಕ್ಕೆ ಹೋಗಿ ಹೇಳಿದಳು. ಫೋಟೊ ಇದೆಯೇ ಎಂದು ಕೇಳಿದರು. ಇಲ್ಲ ಎಂದಳು. ಆಗ ಅಲ್ಲಿ ಹಿರಿಯನೆನಿಸಿಕೊಂಡಿದ್ದವನೊಬ್ಬ, ಎಲೆ ಸಂದಿಯ ಬಿಸಿಲು ಸೊಂಟದ ಮೇಲೆ ಬಿದ್ದಿರಬೇಕು ಬಿಡಿ, ಎಂದು ನಗುತ್ತಾ ಹೇಳಿದ. ಸಂಘದ ಪಟ್ಟಿಯಲ್ಲಿ ಅವಳ ಸಾಲಿನ ಎದುರು 'ದೃಢಪಟ್ಟಿಲ್ಲ' ಎಂದು ಬರೆದು ಮೇಲೊಂದು ಗೀಟು ಎಳೆದರು. ಆ ಗೀಟು ಅವಳ ಎದೆಯ ಮೇಲೇ ಎಳೆದ ಹಾಗಾಯಿತು. ಮುಂದೆ ಅವಳಷ್ಟು ಚುರುಕು ಕಣ್ಣು ಆ ಊರಲ್ಲಿ ಇನ್ನೊಂದಿಲ್ಲ ಎಂದಾದ ಮೇಲೆ, ಅಪರೂಪದ ಹಕ್ಕಿಗಳ ದಾಖಲೆ ಪರಿಶೀಲಿಸುವ ಮೂವರಲ್ಲಿ ಅವಳನ್ನೂ ಒಬ್ಬಳನ್ನಾಗಿ ಕೂರಿಸಿದರು. ಆದರೆ ತನ್ನ ಗೀಟನ್ನು ತಾನೇ ಅಳಿಸಿಕೊಳ್ಳಲು ಬರುವುದಿಲ್ಲವಲ್ಲ.

ಮನೆಯಲ್ಲಿ ಈ ಕಥೆ ಕೇಳಿ ಕೇಳಿ ಎಲ್ಲರ ಕಿವಿ ತೂತಾಗಿತ್ತು. 'ಹೊಳೆ ತಿರುಗೋ ಕಡೆ' ಎಂದು ಅವಳು ಬಾಯಿ ತೆಗೆದರೆ ಗಂಡ ಪೇಪರು ಎತ್ತಿಕೊಳ್ಳುತ್ತಿದ್ದ, ಮೈದುನ ಎದ್ದು ಹೋಗುತ್ತಿದ್ದ, ಅತ್ತೆ ಇದ್ದಲ್ಲೇ ತೂಕಡಿಸುತ್ತಿದ್ದರು. ಎರಡು ವರ್ಷದ ಹಿಂದೆ ಮೈದುನನ ಹೆಂಡತಿಯಾಗಿ ಚಿಕ್ಕವಳು ಬಂದ ಮೇಲೆ ಮೊದಲ ಬಾರಿಗೆ ಒಬ್ಬರು ಕಥೆಯನ್ನು ಕೊನೆಯವರೆಗೆ ಕೇಳಿದರು. ಕೇಳಿದ್ದಷ್ಟೇ ಅಲ್ಲ, ಆಗ ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು, ಹಕ್ಕಿ ಎಡಕ್ಕೆ ಹಾರಿತೋ ಬಲಕ್ಕೋ ಎಂದು ಮರುಪ್ರಶ್ನೆ ಹಾಕಿದಳು. ದೊಡ್ಡ ಸೊಸೆಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಓರಗಿತ್ತಿ ಎಂದರೆ ಇಂಥವಳು ಸಿಗಬೇಕು ಎಂದು ಆಸ್ಪತ್ರೆಯಲ್ಲೆಲ್ಲ ಹೇಳಿಕೊಂಡು ಬಂದಳು. ಭಾನುವಾರಗಳಂದು ಜೊತೆಯಲ್ಲಿ ಕಾಡಿಗೆ ಕರೆದುಕೊಂಡು ಹೋದಳು, ತನ್ನ ಹಳೆಯ ದುರ್ಬೀನು ಕೊಟ್ಟಳು, ಹುಬ್ಬು, ರೆಕ್ಕೆಯ ಗೆರೆ, ಕಾಲಿನ ಬಣ್ಣ ಎಂದು ಒಂದೊಂದೇ ಹೇಳಿಕೊಟ್ಟಳು. ಆ ಒಂದು ವರ್ಷ ಇಬ್ಬರನ್ನೂ ನೋಡಿದವರು ಒಡಹುಟ್ಟಿದವರು ಎಂದೇ ತಿಳಿಯುತ್ತಿದ್ದರು.

ಎಡವಟ್ಟಾಗಿದ್ದು ಮೈದುನ ಅವಳಿಗೊಂದು ಕ್ಯಾಮೆರಾ ತಂದುಕೊಟ್ಟ ಮೇಲೆ.

ಮೊದಮೊದಲು ಚಿಂತೆಯಿರಲಿಲ್ಲ. ಚಿಕ್ಕವಳು ಬೆಳಿಗ್ಗೆಯೆಲ್ಲ ಕಾಡಲ್ಲಿ ನಿಂತು ಆರುನೂರು ಫೋಟೊ ಹೊಡೆದು ತರುತ್ತಿದ್ದಳು, ಆರುನೂರರಲ್ಲೂ ಎಲೆ. ಕೆಲವದರಲ್ಲಿ ಬಾಲದ ತುದಿ. ಒಂದರಲ್ಲಿ ಅವಳದೇ ಹೆಬ್ಬೆರಳು. ಮನೆಯವರೆಲ್ಲ ಮೇಜಿನ ಸುತ್ತ ಕೂತು ನಗುತ್ತಿದ್ದರು, ಎಲ್ಲರಿಗಿಂತ ಜೋರಾಗಿ ದೊಡ್ಡ ಸೊಸೆ ನಗುತ್ತಿದ್ದಳು. ಉಲಿಯಕ್ಕಿ ಫೋಟೊಗೆ ಸಿಗುವ ಹಕ್ಕಿಯಲ್ಲ, ಅದನ್ನು ಕಣ್ಣಲ್ಲೇ ಹಿಡಿಯಬೇಕು ಎಂದು ಸಮಾಧಾನವನ್ನೂ ಹೇಳುತ್ತಿದ್ದಳು. ಆ ಸಮಾಧಾನ ಯಾರಿಗೆ ಎಂಬುದು ಅವಳಿಗೇ ಆಮೇಲೆ ಗೊತ್ತಾಯಿತು.

ಚಿಕ್ಕವಳು ಕಾರು ಕಲಿಸುವ ಶಾಲೆಯಲ್ಲಿ ಶಿಕ್ಷಕಿ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬಳಿಯ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, ಅವರು ಮಾಡಲಿರುವ ತಪ್ಪನ್ನು ಅವರಿಗಿಂತ ಮೊದಲೇ ತಿಳಿಯುವುದು ಅವಳ ಹೊಟ್ಟೆಪಾಡು. ಒಂದು ದಿನ ಊಟಕ್ಕೆ ಕೂತಾಗ ತಾನಾಗಿಯೇ ಹೇಳಿದಳು.

"ಅಕ್ಕ, ಹಕ್ಕಿ ಹಿಂದೆ ಕ್ಯಾಮೆರಾ ಓಡಿಸ್ತಿದ್ದೆ, ಅದಕ್ಕೇ ಸಿಗ್ತಿರಲಿಲ್ಲ. ಹಾರೋಕೆ ಮುಂಚೆ ಅದರ ಕುತ್ತಿಗೆ ಆ ಕಡೆ ತಿರುಗುತ್ತೆ. ನನ್ನ ಹುಡುಗೀರು ಸ್ಟೀರಿಂಗ್ ತಿರುಗಿಸೋಕೆ ಮುಂಚೆ ತಿರುಗಿಸ್ತಾರಲ್ಲ, ಹಾಗೇನೇ. ಈಗ ಅದು ಹೋಗೋ ಜಾಗಕ್ಕೆ ನಾನೇ ಮೊದ್ಲು ಹೋಗಿರ್ತೀನಿ."

ದೊಡ್ಡ ಸೊಸೆ ಮರುವಾರ ಒಬ್ಬಳೇ ಹೋಗಿ ಪರೀಕ್ಷಿಸಿದಳು. ನಿಜವಾಗಿತ್ತು. ಇಪ್ಪತ್ತು ವರ್ಷ ಅದೇ ಕುತ್ತಿಗೆಗಳನ್ನು ನೋಡಿದ ತನ್ನ ಕಣ್ಣಿಗೆ ಬೀಳದ್ದು ನಿನ್ನೆ ಮೊನ್ನೆ ಬಂದ ಇವಳಿಗೆ ಬಿದ್ದಿತ್ತು. ಅವತ್ತು ಮೊಟ್ಟಮೊದಲ ಸಲ ಅವಳ ಹೊಟ್ಟೆಯೊಳಗೆ ಚುರ್ ಎಂದಿತು. ಹಸಿವೆ ಎಂದುಕೊಂಡು ಎರಡು ಬಿಸ್ಕತ್ತು ತಿಂದಳು. ಹೋಗಲಿಲ್ಲ.

ಅಲ್ಲಿಂದ ಮುಂದೆ ಮನೆಯ ಗೋಡೆಗಳು ಒಂದೊಂದೇ ಚಿಕ್ಕವಳ ಪಾಲಾದವು. ನಡುಮನೆಯಲ್ಲಿ ನೊಣಹಿಡುಕದ ಫೋಟೊ, ಊಟದ ಮೇಜಿನ ಮೇಲುಗಡೆ ಕೆಂಪು ಎದೆಯ ಚಟಾಕು ಹಕ್ಕಿ, ಮೆಟ್ಟಿಲ ತಿರುವಿನಲ್ಲಿ ತಲೆಕೆಳಗಾಗಿ ನೇತಾಡುವ ಇನ್ನೊಂದು. ಹಕ್ಕಿ ಎಂದರೆ ಮೂಗು ಮುರಿಯುತ್ತಿದ್ದ ಅತ್ತೆ, ಬಂದವರನ್ನೆಲ್ಲ ಕೈಹಿಡಿದು ಕರೆದೊಯ್ದು ನಮ್ಮ ಚಿಕ್ಕ ಸೊಸೆ ತೆಗೆದದ್ದು ಎಂದು ತೋರಿಸತೊಡಗಿದರು. ದೊಡ್ಡ ಸೊಸೆಯ ಇಪ್ಪತ್ತೊಂದು ನೋಟುಪುಸ್ತಕಗಳು ಬೀರುವಿನ ಕೆಳಗಿನ ಅರೆಯಲ್ಲಿ ಹಳೆಯ ಚಪ್ಪಲಿಗಳ ಪಕ್ಕ ಇದ್ದವು. ಅವುಗಳನ್ನು ಬಂದವರಿಗೆ ತೋರಿಸುವುದಾದರೂ ಹೇಗೆ? ಒಂದು ಭಾನುವಾರ ಗಂಡ ಫೋಟೊ ಒಂದನ್ನು ಕಣ್ಣಿಗೆ ಹತ್ತಿರ ಹಿಡಿದು, ಇಷ್ಟು ಚಿಕ್ಕ ಹಕ್ಕಿಗೆ ರೆಪ್ಪೆ ಇರೋದು ನನಗೆ ಗೊತ್ತೇ ಇರಲಿಲ್ಲ ನೋಡು, ಎಂದ. ಮದುವೆಯಾದ ಹೊಸದರಲ್ಲೇ ಅವಳು ಅದನ್ನು ಅವನಿಗೆ ಹೇಳಿದ್ದಳು. ಅವನು ಮರೆತಿದ್ದಕ್ಕೆ ಅವಳಿಗೆ ಸಿಟ್ಟು ಬಂದದ್ದು ಗಂಡನ ಮೇಲಲ್ಲ, ಚಿಕ್ಕವಳ ಮೇಲೆ. ಹೊಟ್ಟೆಕಿಚ್ಚು ನ್ಯಾಯ ಕೇಳಿಕೊಂಡು ಉರಿಯುವುದಿಲ್ಲ.

ಎಷ್ಟಾದರೂ ಒಂದು ಸಮಾಧಾನ ಇಟ್ಟುಕೊಂಡಿದ್ದಳು. ಹಳದಿಸೊಂಟ ನನ್ನದು. ಜಗತ್ತು ನಂಬಲಿ ಬಿಡಲಿ, ಅದನ್ನು ಕಂಡವಳು ನಾನೊಬ್ಬಳೇ.

ಎಲೆ ಹಣ್ಣಾಗುವ ತಿಂಗಳು ಮತ್ತೆ ಬಂತು. ಚಿಕ್ಕವಳು ನಾಲ್ಕು ಭಾನುವಾರ ಬೆನ್ನು ಬೆನ್ನಿಗೆ ಒಬ್ಬಳೇ ಕಾಡಿಗೆ ಹೋದಳು. ಅಕ್ಕನನ್ನು ಕರೆಯಲಿಲ್ಲ. ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದು, ಏನು ಸಿಕ್ಕಿತು ಎಂದರೆ ಏನೂ ಇಲ್ಲ ಎಂದು ನಕ್ಕು ಬಚ್ಚಲಿಗೆ ನುಗ್ಗುತ್ತಿದ್ದಳು. ಏನೂ ಇಲ್ಲದವರು ಹಾಗೆ ನಗುವುದಿಲ್ಲ ಎಂದು ದೊಡ್ಡ ಸೊಸೆ ಒಳಗೊಳಗೇ ಕುದಿದಳು. ಆ ಕೆಸರು ಹೊಳೆಯ ಕೆಸರು ಎಂದೂ ಗುರುತಿಸಿದಳು.

ಅದಾದ ವಾರಕ್ಕೆ ಸಂಘದ ಕಾರ್ಯದರ್ಶಿ ಹೇಳಿಕಳಿಸಿದ, ಒಂದು ದಾಖಲೆ ಬಂದಿದೆ, ಬಂದು ನೋಡಿ ಹೋಗಿ ಎಂದು.

ಕಾರ್ಯದರ್ಶಿ ವೃತ್ತಿಯಲ್ಲಿ ದರ್ಜಿ. ಸಂಘದ ಕಚೇರಿ ಎಂದರೆ ಅವನ ಅಂಗಡಿಯೇ, ಸಂಘದ ಕಡತ ಎಂದರೆ ಗುಂಡಿಗಳ ಡಬ್ಬದ ಪಕ್ಕದ ಒಂದು ಪೆಟ್ಟಿಗೆ. ಅಪರೂಪದ ಹಕ್ಕಿ ಕಂಡವರು ಒಂದು ಅರ್ಜಿ ತುಂಬಿ, ಫೋಟೊ ಅಂಟಿಸಿ, ಅವನಿಗೆ ಕೊಡಬೇಕು. ಅರ್ಜಿಯಲ್ಲಿ ಹೆಸರಿರುವ ಭಾಗದ ಮೇಲೆ ಅವನು ಅಸ್ತರಿನ ಬಟ್ಟೆಯ ತುಂಡೊಂದನ್ನು ಇಟ್ಟು ನಾಲ್ಕೂ ಕಡೆ ಹೊಲಿದುಬಿಡುತ್ತಿದ್ದ. ಮೂವರಲ್ಲಿ ಹೆಸರು ತಿಳಿದಿರುವುದು ಅವನೊಬ್ಬನಿಗೆ, ಉಳಿದಿಬ್ಬರು ಯಾರದೆಂದು ತಿಳಿಯದೆ ತೀರ್ಪು ಬರೆಯಬೇಕು, ಮೂವರೂ ಹೌದೆಂದರೆ ಮಾತ್ರ ಹೊಲಿಗೆ ಬಿಚ್ಚಿ ಹೆಸರನ್ನು ಪಟ್ಟಿಗೆ ಏರಿಸುವುದು. ಒಬ್ಬರು ಅಲ್ಲವೆಂದರೂ ಅರ್ಜಿ ಹೊಲಿಗೆಯ ಸಮೇತ ಪೆಟ್ಟಿಗೆಯ ತಳಕ್ಕೆ. ಯಾರದೆಂದು ಗೊತ್ತಾಗಿಬಿಟ್ಟರೆ, ಅದೂ ನಂಟರದ್ದಾದರೆ, ತಾನು ನೋಡುವುದಿಲ್ಲ ಎಂದು ಎದ್ದುಬಿಡಬೇಕು. ಈ ನೇಮವನ್ನು ಒತ್ತಾಯ ಮಾಡಿ ಸೇರಿಸಿದವಳು ದೊಡ್ಡ ಸೊಸೆಯೇ.

ದರ್ಜಿ ಅರ್ಜಿಯನ್ನು ಕತ್ತರಿಸುವ ಮೇಜಿನ ಮೇಲೆ ಹರಡಿದ. ಹಕ್ಕಿಯ ಹೆಸರಿನ ಜಾಗದಲ್ಲಿ 'ಹಳದಿಸೊಂಟದ ಉಲಿಯಕ್ಕಿ' ಎಂದಿತ್ತು.

ಫೋಟೊ ನೋಡಿದಳು. ಮೂರು ಕಾಂಡದ ಮರ. ನೀರಿನ ಹೊಳಪು. ಹಣ್ಣಾದ ಎಲೆಯೊಂದರ ಕೆಳಗೆ ಬೆನ್ನು ಕೊಟ್ಟು ಗಾಳಿಯಲ್ಲಿ ನಿಂತ ಹಕ್ಕಿ. ಇಡೀ ಚಿತ್ರ ಒಂದಿಷ್ಟು ಎಡಕ್ಕೆ ವಾಲಿತ್ತು. ಚಿಕ್ಕವಳ ಫೋಟೊಗಳೆಲ್ಲ ಎಡಕ್ಕೆ ವಾಲುತ್ತವೆ, ದಿನವಿಡೀ ಪಕ್ಕದ ಸೀಟಿನಿಂದ ಸ್ಟೀರಿಂಗ್ ಕಡೆ ಬಗ್ಗಿ ಬಗ್ಗಿ ಅವಳ ಬಲಭುಜ ಇಳಿದು ಕ್ಯಾಮೆರಾ ಓರೆಯಾಗುತ್ತದೆ. ಹೊಲಿಗೆಯ ಕೆಳಗೆ ಯಾರ ಹೆಸರಿದೆ ಎಂದು ಇನ್ನು ಯಾರೂ ಹೇಳಬೇಕಾಗಿರಲಿಲ್ಲ.

ಆಗಲೇ ಎದ್ದುಬಿಡಬೇಕಿತ್ತು. ಏಳಲಿಲ್ಲ.

ದರ್ಜಿ ತನ್ನ ತೀರ್ಪನ್ನು ಬರೆದಾಗಿತ್ತು, ಹೌದು. ಮೂವರಲ್ಲಿ ಇನ್ನೊಬ್ಬರಾದ ಶಾಲೆಯ ವಿಜ್ಞಾನದ ಮೇಷ್ಟ್ರು, ಹೌದು ಅನ್ನಿಸುತ್ತದೆ, ಆದರೆ ಸೊಂಟದ ಬಣ್ಣ ಎಲೆಯದೂ ಇರಬಹುದು, ಕೊನೆಯ ಮಾತು ಮೇಡಂ ಕಣ್ಣಿಗೆ ಬಿಟ್ಟಿದ್ದೇನೆ, ಎಂದು ಬರೆದಿದ್ದರು. ಅಂದರೆ ಎಲ್ಲವೂ ಅವಳ ಕೈಯಲ್ಲಿತ್ತು. ದರ್ಜಿ ಸೂಜಿಗೆ ದಾರ ಪೋಣಿಸಲು ಬಳಸುವ ಭೂತಗನ್ನಡಿ ಕೊಟ್ಟ. ಅವಳು ಬಗ್ಗಿ ನೋಡಿದಳು. ಹಣ್ಣೆಲೆಯ ಹಳದಿ ಬೆಳಕು ಹಕ್ಕಿಯ ಬೆನ್ನ ಮೇಲೆಲ್ಲ ಚೆಲ್ಲಿದ್ದು ನಿಜ. ಆದರೆ ಸೊಂಟದ ಪಟ್ಟೆಗೆ ಅಂಚಿತ್ತು. ಬೆಳಕಿಗೆ ಅಂಚಿರುವುದಿಲ್ಲ. ನೆತ್ತಿಯ ಮೇಲೆ, ಎಲೆಯ ನೆರಳು ಮುಗಿಯುವಲ್ಲಿ, ಕೂದಲೆಳೆಯಷ್ಟು ತಿಳಿ ಗೆರೆ. ಊರಿನಲ್ಲಿ ಇನ್ನಾರಿಗೂ ಕಾಣುವಂಥದ್ದಲ್ಲ ಅದು. ಅವಳಿಗೆ ಕಂಡಿತು. ಒಂಬತ್ತು ವರ್ಷ ಕಣ್ಣು ಮುಚ್ಚಿದಾಗಲೆಲ್ಲ ಕಂಡದ್ದು ಈಗ ಕಣ್ಣು ತೆರೆದಿರುವಾಗಲೂ ಕಂಡಿತು.

ಹಕ್ಕಿ ಅದೇ. ಎರಡು ಮಾತಿಲ್ಲ.

ಅಳು ಬರುವಂತಾಯಿತು, ಬಂದದ್ದು ಸಂತೋಷಕ್ಕಲ್ಲ. ನನ್ನ ಮರಕ್ಕೆ ಹೋಗಿದ್ದಾಳೆ. ನಾನು ಬಾಯಿಬಿಟ್ಟು ಹೇಳಿದ ಜಾಗ, ನಾನು ಹೇಳಿದ ತಿಂಗಳು, ನಾನು ಕಲಿಸಿದ ಗುರುತು. ನನಗೊಂದು ಮಾತು ಹೇಳದೆ, ಕಳ್ಳಿಯ ಹಾಗೆ ಹೋಗಿ ಎತ್ತಿಕೊಂಡು ಬಂದಿದ್ದಾಳೆ. ಹೌದೆಂದು ಬರೆದರೆ ಪಟ್ಟಿಯಲ್ಲಿ ಈ ಕಾಡಿನ ಮೊದಲ ಹಳದಿಸೊಂಟ ಎಂದು ಅವಳ ಹೆಸರು ಅಚ್ಚಾಗುತ್ತದೆ. ನನ್ನದು ಗೀಟಿನ ಕೆಳಗೇ ಕೊಳೆಯುತ್ತದೆ. ಈ ಫೋಟೊ ದೊಡ್ಡದಾಗಿ ನಡುಮನೆಗೆ ಬರುತ್ತದೆ, ಅತ್ತೆ ಬಂದವರ ಕೈಹಿಡಿದು ತೋರಿಸುತ್ತಾರೆ. ಅದರ ಕೆಳಗೆ ಕೂತು ನಾನು ಊಟ ಮಾಡಬೇಕು.

ಇಪ್ಪತ್ತು ವರ್ಷ ಕಂಡದ್ದನ್ನೇ ಬರೆದ ಕೈ ಪೆನ್ನು ಎತ್ತಿಕೊಂಡು 'ಅಲ್ಲ' ಎಂದು ಬರೆಯಿತು. ಕಾರಣದ ಜಾಗದಲ್ಲಿ, ಎಲೆ ಸಂದಿಯ ಬಿಸಿಲು ಸೊಂಟದ ಮೇಲೆ ಬಿದ್ದಿದೆ, ಸಾಮಾನ್ಯ ಹಸಿರು ಉಲಿಯಕ್ಕಿ, ಎಂದು ಬರೆದಳು. ತಾನು ಯಾರ ಮಾತನ್ನು ಬರೆಯುತ್ತಿದ್ದೇನೆ ಎಂಬುದು ಬರೆಯುವಾಗಲೇ ಗೊತ್ತಿತ್ತು. ಆದರೂ ಕೆಳಗೆ ಸಹಿ ಹಾಕಿದಳು.

ದರ್ಜಿ ಮುಖ ಸಣ್ಣದು ಮಾಡಿಕೊಂಡ. ನಾಳೆ ಹಗಲು ಬೆಳಕಲ್ಲಿ ಇನ್ನೊಂದು ಸಲ ನೋಡುತ್ತೀರಾ ಎಂದು ಕೇಳಿದ. ನೋಡಿದ್ದು ಸಾಕು ಎಂದು ಕಡ್ಡಿ ಮುರಿದ ಹಾಗೆ ಹೇಳಿ ಮೆಟ್ಟಿಲಿಳಿದಳು. ದಾರಿಯಲ್ಲಿ ಅವಳಿಗೆ ಖುಷಿಯೇ ಆಗಿತ್ತು. ಸುಳ್ಳು ಹೇಳಬಾರದು, ನಿಜವಾಗಿಯೂ ಖುಷಿಯಾಗಿತ್ತು. ಮನೆಗೆ ಬಂದು ಚಿಕ್ಕವಳಿಗೆ ಅವಳೇ ಕೈಯಾರೆ ಚಹಾ ಮಾಡಿಕೊಟ್ಟಳು.

ಮೂವರ ತೀರ್ಪೂ ಕಾರಣವೂ ಇದ್ದ ಸಂಘದ ಕಾಗದ ಶನಿವಾರ ಬಂತು. ಚಿಕ್ಕವಳು ಅದನ್ನು ಓದಿ, ಮಡಿಸಿ, ಕೋಣೆಗೆ ಹೋದವಳು ಸಂಜೆಯವರೆಗೂ ಹೊರಗೆ ಬರಲಿಲ್ಲ. ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ವಿಷಯ ಹೊರಗೆ ಬಿತ್ತು. ಮೈದುನನೇ ತೆಗೆದ. ಪಾಪ, ನಾಲ್ಕು ವಾರ ಮೊಣಕಾಲವರೆಗೆ ಕೆಸರಲ್ಲಿ ನಿಂತಿದ್ದಾಳೆ, ಅತ್ತಿಗೆಗೆ ಹೇಳಿದರೆ ಅವರು ತೀರ್ಪಿಗೆ ಕೂರುವ ಹಾಗಿಲ್ಲವಂತೆ, ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡಿದ್ದಳು, ಎಂದ. ಗಂಡ ಕೂಡಲೇ ಹೆಂಡತಿಯ ಪರ ನಿಂತ. ಹೆಸರು ಮುಚ್ಚಿರುತ್ತಾರಲ್ಲ, ಇವಳಿಗೆ ಹೇಗೆ ಗೊತ್ತಾಗಬೇಕು, ಕಂಡದ್ದನ್ನು ಬರೆಯುವುದು ಇವಳ ಧರ್ಮ, ಮನೆಯವರೆಂದು ಹೌದು ಎನ್ನಲಾಗುತ್ತದೆಯೇ, ಎಂದೆಲ್ಲ ಹೇಳಿದ. ದೊಡ್ಡ ಸೊಸೆ ಅನ್ನ ಕಲಸುತ್ತಲೇ ಇದ್ದಳು.

ಚಿಕ್ಕವಳು ಬೇಸರ ತೋರಿಸಲಿಲ್ಲ. ಅಕ್ಕ ಅಲ್ಲ ಎಂದರೆ ಅಲ್ಲವೇ, ಅದರಲ್ಲಿ ನನಗೆ ಅನುಮಾನವಿಲ್ಲ, ಎಂದಳು. ಕ್ಯಾಮೆರಾದಲ್ಲಿ ಮತ್ತೆ ಮತ್ತೆ ನೋಡಿದೆ, ಅಕ್ಕ ಬರೆದ ಹಾಗೆ ಎಲೆಯ ಬಣ್ಣವೇ ಇರಬೇಕು ಅನ್ನಿಸಿತು, ಎಂದೂ ಹೇಳಿದಳು. ಬೆರಳಲ್ಲಿ ಮೇಜಿನ ಮೇಲೆ ಗೆರೆ ಎಳೆದಳು. ಆಮೇಲೆ ಯಾವ ಕೊಂಕೂ ಇಲ್ಲದೆ, ಪಾಠ ಕೇಳುವವರ ಹಾಗೆ ಕೇಳಿದಳು.

"ಅಕ್ಕ, ಅದೇ ಮರ, ಅದೇ ತಿಂಗಳು, ಬಿಸಿಲೂ ಅದೇ ಕಡೆಯಿಂದ. ನೀವು ಹೇಳಿದ ಹಾಗೇ ಎಲೆ ಕೆಳಗೆ ನಿಂತು ಬೆನ್ನು ತಿರುಗಿಸ್ತು. ಹಾಗಾದ್ರೆ ಅವತ್ತು ನೀವು ನೋಡಿದ್ದೂ ಹಸಿರು ಉಲಿಯಕ್ಕಿನೇ ಇರ್ಬೇಕಲ್ವಾ?"

ಗಂಡ ನಿಟ್ಟುಸಿರು ಬಿಟ್ಟು ನಕ್ಕ. ಆ ನಗುವಿನಲ್ಲಿ ಗೇಲಿ ಇರಲಿಲ್ಲ, ಬಿಡುಗಡೆ ಇತ್ತು. ಮೈದುನ, ಅಂತೂ ಒಂಬತ್ತು ವರ್ಷದ ಕೇಸು ಇತ್ಯರ್ಥವಾಯಿತು ಎಂದ. ಅತ್ತೆ ಪಕ್ಕಕ್ಕೆ ಬಾಗಿ ದೊಡ್ಡ ಸೊಸೆಯ ಬೆನ್ನು ಸವರಿ, ಹೋಗಲಿ ಬಿಡು, ಎಂಥವರ ಕಣ್ಣಿಗೂ ಒಂದೊಂದು ಸಲ ಮಂಕು ಕವಿಯುತ್ತದೆ, ನೀನೇ ಅದನ್ನು ಒಪ್ಪಿಕೊಂಡೆಯಲ್ಲ, ಅದು ದೊಡ್ಡತನ, ಎಂದರು. ಎಲ್ಲರೂ ಅವಳ ಮೇಲೆ ಅಷ್ಟು ಪ್ರೀತಿಯಾಗಿದ್ದರು. ಅಷ್ಟು ಪ್ರೀತಿಯಿಂದ ಎಲ್ಲರೂ ಸೇರಿ ಅವಳ ಹಕ್ಕಿಯನ್ನು ಕಿತ್ತುಕೊಳ್ಳುತ್ತಿದ್ದರು.

ಹೌದು ಎಂದರೆ ಮುಗಿಯುತ್ತಿತ್ತು. ತಲೆಯಾಡಿಸಿದರೂ ಸಾಕಿತ್ತು. ತನ್ನ ಕೈಯಾರೆ ಬರೆದ ಕಾರಣಕ್ಕೆ ತಾನೇ ಗಂಟುಬಿದ್ದು, ಆ ಮೂರು ಸೆಕೆಂಡನ್ನು ಬಿಟ್ಟುಕೊಟ್ಟು, ಇನ್ನು ಮುಂದೆ ನೆಮ್ಮದಿಯಾಗಿ ಊಟ ಮಾಡಬಹುದಿತ್ತು. ಆದರೆ ನಿಂಬೆಹಳದಿ ಸೊಂಟ ಕಣ್ಣ ಮುಂದೆ ಬಂದು ನಿಂತಿತು, ಒಂದಲ್ಲ, ಎರಡು. ಒಂಬತ್ತು ವರ್ಷದ ಹಿಂದಿನದು ಮತ್ತು ಮೊನ್ನೆಯದು. ಒಂದನ್ನು ಕೊಂದರೆ ಇನ್ನೊಂದೂ ಸಾಯುತ್ತಿತ್ತು.

"ಅಲ್ಲ," ಎಂದಳು. "ನಾನು ನೋಡಿದ್ದು ಹಳದಿಸೊಂಟ. ನೀನು ಹೊಡೆದಿದ್ದೂ ಅದೇ. ನೆತ್ತಿ ಮೇಲೆ ಗೆರೆ ಇದೆ, ಸೊಂಟದ ಪಟ್ಟೆಗೆ ಅಂಚಿದೆ. ನಾನು ಸುಳ್ಳು ಬರೆದೆ."

ಅವಳು ಪಶ್ಚಾತ್ತಾಪಪಟ್ಟು ಬಾಯಿಬಿಟ್ಟಳು ಎಂದು ಯಾರೂ ತಿಳಿಯಬಾರದು. ಒಳ್ಳೆಯತನಕ್ಕೂ ಆ ಮಾತಿಗೂ ಸಂಬಂಧವಿರಲಿಲ್ಲ. ತನ್ನ ಹಕ್ಕಿಯನ್ನು ಬಿಟ್ಟುಕೊಡಲಾರದೆ ಹೇಳಿದಳು, ಸುಳ್ಳು ಬರೆದದ್ದೂ ಅದನ್ನು ಬಿಟ್ಟುಕೊಡಲಾರದೆಯೇ.

ಅತ್ತೆಯ ಕೈ ಅವಳ ಬೆನ್ನಿನಿಂದ ಮೆಲ್ಲಗೆ ಸರಿಯಿತು. ಚಿಕ್ಕವಳು ಮಾತ್ರ ಅವಳನ್ನೇ ನೋಡುತ್ತಿದ್ದಳು.

"ಫೋಟೊ ನಂದು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

ಚಿಕ್ಕವಳು ಎದ್ದು ತಟ್ಟೆ ತೆಗೆದುಕೊಂಡು ಹೋಗಿ ತೊಳೆದಿಟ್ಟಳು. ತುಂಬ ಹೊತ್ತು ನೀರು ಸುರಿಯುವ ಸದ್ದು ಕೇಳಿಸುತ್ತಿತ್ತು.

ಮರುದಿನ ಬೆಳಿಗ್ಗೆ ದೊಡ್ಡ ಸೊಸೆ ಆಸ್ಪತ್ರೆಗೆ ರಜೆ ಹೇಳಿ ದರ್ಜಿಯ ಅಂಗಡಿಗೆ ಹೊರಟಳು. ಬಾ ಎಂದು ಕರೆಯುವ ಮುಖ ಅವಳಿಗಿರಲಿಲ್ಲ, ಆದರೂ ಚಿಕ್ಕವಳು ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ಹಿಂದೆ ಬಂದಳು. ಹಿಂದಿನ ದಿನದ ಊಟದಿಂದೀಚೆಗೆ ದೊಡ್ಡ ಸೊಸೆ ತನ್ನನ್ನು ತಾನು ಬೈದುಕೊಂಡಿದ್ದಳು, ಹಾಗೆ ಬೈದುಕೊಳ್ಳುವಾಗಲೂ ಇನ್ನು ಫೋಟೊ ನಡುಮನೆಗೆ ಬರುತ್ತದೆಯಲ್ಲ ಎಂದು ಒಳಗೊಂದು ಮೂಲೆ ಉರಿಯುತ್ತಲೇ ಇತ್ತು.

ದರ್ಜಿ ಒಂದು ಕೋಟಿನ ತೋಳು ಬಿಚ್ಚುತ್ತಿದ್ದ. ನಡೆದದ್ದನ್ನು ಅವಳು ಒಂದೂ ಮುಚ್ಚಿಡದೆ ಹೇಳಿದಳು. ಮೂವರಲ್ಲಿ ತನ್ನ ಜಾಗ ಇವತ್ತಿಗೆ ಮುಗಿಯಿತು ಎಂದೂ ಹೇಳಿದಳು. ಅವನು ಬೇಡವೆನ್ನಲಿಲ್ಲ. ಪೆಟ್ಟಿಗೆಯ ತಳದಿಂದ ಅರ್ಜಿ ಎಳೆದು ಕೊಟ್ಟ. ಅವಳು 'ಅಲ್ಲ' ಎಂಬುದರ ಮೇಲೆ ಗೀಟು ಹೊಡೆದು 'ಹೌದು' ಎಂದು ಬರೆದಳು, ಕಂಡ ಗುರುತುಗಳನ್ನು ಒಂದೊಂದಾಗಿ ಬರೆದಳು, ಸಹಿ ಹಾಕಿದಳು. ದರ್ಜಿ ಕತ್ತರಿಯ ತುದಿಯಿಂದ ಹೊಲಿಗೆ ಬಿಚ್ಚಿ ಬಟ್ಟೆಯ ತುಂಡನ್ನು ಎತ್ತಿದ.

ಅದರ ಕೆಳಗೆ ಎರಡು ಸಾಲುಗಳಿದ್ದವು. ಮೊದಲು ಕಂಡವರು ಎಂಬಲ್ಲಿ ದೊಡ್ಡ ಸೊಸೆಯ ಹೆಸರು, ಅದರ ಮುಂದೆ ಒಂಬತ್ತು ವರ್ಷದ ಹಿಂದಿನ ಆ ತಾರೀಖು. ಫೋಟೊ ತೆಗೆದವರು ಎಂಬಲ್ಲಿ ಚಿಕ್ಕವಳ ಹೆಸರು. ಷರಾ ಬರೆಯುವ ಜಾಗದಲ್ಲಿ, ಅವರು ಹೇಳಿದ ಮರದ ಕೆಳಗೆ ಅವರು ಹೇಳಿದ ತಿಂಗಳಲ್ಲಿ ನಿಂತು ತೆಗೆದದ್ದು, ಹಳೆಯ ದಾಖಲೆಯ ಮೇಲಿನ ಗೀಟನ್ನು ದಯವಿಟ್ಟು ತೆಗೆಯಬೇಕು, ಎಂದಿತ್ತು.

ದೊಡ್ಡ ಸೊಸೆ ಎರಡು ಸಲ ಓದಿದಳು. ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು.

ದರ್ಜಿ ಕತ್ತರಿ ಕೆಳಗಿಟ್ಟು, ಅರ್ಜಿದಾರರು ಬೇಕಾದರೆ ಹೆಸರು ಬದಲಾಯಿಸಬಹುದು, ಈಗಲೂ ಸಮಯವಿದೆ, ಎಂದು ಚಿಕ್ಕವಳ ಕಡೆ ನೋಡಿದ. ಪೆನ್ನನ್ನೂ ಮುಂದೆ ಸರಿಸಿದ. ಚಿಕ್ಕವಳು ಪೆನ್ನು ಮುಟ್ಟಲಿಲ್ಲ.

"ಮೊದಲು ಕಂಡವರು ಅವರೇ. ಅದು ನಿಜ. ಇರ್ಲಿ," ಎಂದಳು. ಆಮೇಲೆ ದೊಡ್ಡ ಸೊಸೆಯ ಕಡೆ ತಿರುಗಿದಳು. ಸಿಟ್ಟಿನ ದನಿಯಾಗಿದ್ದರೆ ತಡೆದುಕೊಳ್ಳಬಹುದಿತ್ತು. "ಆ ಮನೇಲಿ ಯಾರೂ ನಂಬದಿದ್ದಾಗ್ಲೂ ನಾನು ನಂಬಿದ್ದೆ ಅಕ್ಕ, ಬರೀ ನಿಮ್ಮ ಬಾಯಿಮಾತು ಕೇಳಿ. ಇನ್ಮೇಲೆ ನೀವು ಏನೇ ಕಂಡೆ ಅಂದ್ರೂ ನಂಗೂ ಫೋಟೊ ಬೇಕಾಗುತ್ತೆ."

ಹನ್ನೊಂದಕ್ಕೆ ಕಲಿಯುವವರೊಬ್ಬರು ಕಾಯುತ್ತಿರುತ್ತಾರೆಂದು ಹೇಳಿ ಅವಳು ಮೆಟ್ಟಿಲಿಳಿದು ಹೋದಳು.

ದರ್ಜಿ ಸಂಘದ ಪಟ್ಟಿ ತೆಗೆದು ಹಳೆಯ ಗೀಟನ್ನು ಬ್ಲೇಡಿನ ತುದಿಯಿಂದ ಕೆರೆದು ತೆಗೆದ, ಪಕ್ಕದಲ್ಲಿ 'ದೃಢಪಟ್ಟಿದೆ' ಎಂದು ಬರೆದ. ಹೆಸರು ಸರಿಯಾಗಿ ಕಾಣುತ್ತಿದೆಯೇ ನೋಡಿ ಎಂದು ಪುಸ್ತಕವನ್ನು ಅವಳ ಕಡೆ ತಿರುಗಿಸಿದ. ಕಾಣುತ್ತಿದೆ ಎಂದಳು.